ಪರಾಸ್ಕಾಳ ಸೊಸೆ ಎಂಥವಳು

ನವೆಂಬರ್ 3, ಸೋಮವಾರ

ಇವತ್ತು ಅತ್ತೆ ನನ್ನನ್ನು ನನ್ನದೇ ಮನೆಯ ಬಾಗಿಲವರೆಗೆ ಬಂದು ಬೀಳ್ಕೊಟ್ಟಳು. ನನ್ನ ಕೋಟನ್ನು ಕೈಗೆ ಕೊಟ್ಟು, "ಬಂದಿದ್ದು ಖುಷಿಯಾಯ್ತು ಐವಿ. ಕತ್ತಲಾಗೋಕ್ ಮುಂಚೆ ಹೊರಡು, ರಸ್ತೆ ಜಾರುತ್ತೆ" ಅಂದಳು. ಒಲೆಯ ಮೇಲೆ ಬೀಟ್‌ರೂಟ್ ಸಾರು ಕುದಿಯುತ್ತಿತ್ತು. ನಾನು ಎಲ್ಲಿಗೆ ಹೊರಡಲಿ?

"ನಾನು ಐವಿ ಅಲ್ಲ. ಗ್ಲೆಂಡಾ. ನಿಮ್ಮ ಮಗ ಒರೆಸ್ಟ್ ಹೆಂಡ್ತಿ" ಎಂದೆ. ಇವತ್ತೊಂದೇ ದಿನಕ್ಕೆ ಎಷ್ಟನೆಯ ಸಲವೋ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕಳು. "ಹೋಗೆ! ಅವಳು ದಪ್ಪ."

ಐವಿ ಯಾರೆಂದು ಒರೆಸ್ಟ್‌ನನ್ನು ಕೇಳಿದೆ. ಅವರ ಹಳೆಯ ಜಮೀನಿನ ಹತ್ತಿರದ ರೈಲು ಸ್ಟೇಷನ್ ಮಾಸ್ತರರ ಹೆಂಡತಿಯಂತೆ. ಉಕ್ರೇನಿ ಬಿಟ್ಟು ಇನ್ನೊಂದು ಮಾತು ಬಾರದ ಹುಡುಗಿಯಾಗಿದ್ದ ನನ್ನ ಅತ್ತೆ ಪರಾಸ್ಕಾಗೆ ಇಂಗ್ಲಿಷ್ ಕಲಿಸಿದವಳು. ಸತ್ತು ಯಾವ ಕಾಲವಾಯಿತೋ. ಸತ್ತವಳ ಹೆಸರು ನನಗೆ ಬಂದಿದೆ, ಬದುಕಿರುವ ನನ್ನ ಹೆಸರು ಮಾತ್ರ ಬೈಗುಳಕ್ಕೆ ಮೀಸಲು. ಏಕೆಂದರೆ ಐವಿಯ ಮುಂದೆ ಕುಳಿತು ಅತ್ತೆ ಮಾತಾಡುವುದೆಲ್ಲ ತನ್ನ ಸೊಸೆಯ ಬಗ್ಗೆ. ಸೊಸೆಗೆ ಅಡುಗೆ ಬರುವುದಿಲ್ಲ. ಸೊಸೆ ಮಗನನ್ನು ಕುತ್ತಿಗೆ ಹಿಡಿದು ಆಡಿಸುತ್ತಾಳೆ. ಸೊಸೆ ಇಂಗ್ಲಿಷಿನವಳು.

ನಾನು ಇಂಗ್ಲಿಷಿನವಳಲ್ಲ, ನನ್ನ ಅಜ್ಜ ಸ್ಕಾಟ್ಲೆಂಡಿನಿಂದ ಬಂದವನು. ಇದನ್ನು ಮದುವೆಯಾದ ವರ್ಷದಿಂದ ಹೇಳುತ್ತಿದ್ದೇನೆ. ಆಗ ನೆನಪಿನ ಶಕ್ತಿ ಚೆನ್ನಾಗಿಯೇ ಇತ್ತು, ಆದರೂ ಕೇಳಲಿಲ್ಲ.

ಮದುವೆಯ ಫೋಟೋ ತಂದು ತೋರಿಸಿದೆ. "ನೋಡಿ, ಇದು ನಾನು, ಇದು ನೀವು." ಅವಳು ಫೋಟೋವನ್ನು ಕಣ್ಣ ಹತ್ತಿರ ಹಿಡಿದು ನೋಡಿ, "ಈ ಹುಡುಗಿ ಪಾಪ, ಏನ್ ಕಷ್ಟ ಇದೆಯೋ ಮುಖ ಹುಳ್ಳಗಿದೆ" ಅಂದಳು. ಬೆರಳು ಇಟ್ಟಿದ್ದು ತನ್ನ ಮುಖದ ಮೇಲೆ.


ನವೆಂಬರ್ 9, ಭಾನುವಾರ

ಅವಳ ಕೈಚೀಲ ಕಾಣೆಯಾಯಿತು. ಕದ್ದವಳು ಸೊಸೆ, ಇನ್ಯಾರು? ಚರ್ಚಿನಿಂದ ಬಂದವರೇ ಮಧ್ಯಾಹ್ನದವರೆಗೆ ಹುಡುಕಿದೆವು. ಹಾಸಿಗೆ ಎತ್ತಿ, ಸೋಫಾ ಎಳೆದು, ನನ್ನ ಬೀರುವಿನ ಬಟ್ಟೆಯನ್ನೆಲ್ಲ ಅವಳೇ ನೆಲಕ್ಕೆ ಸುರಿದು. ಕೊನೆಗೆ ಸಿಕ್ಕಿದ್ದು ಫ್ರೀಜರಿನಲ್ಲಿ, ಆಲೂಗೆಡ್ಡೆ ತುಂಬಿದ ಪಿರೋಹಿ ಕಡುಬುಗಳ ಡಬ್ಬಿಯ ಕೆಳಗೆ, ಮಂಜುಗಟ್ಟಿ ಕಲ್ಲಾಗಿತ್ತು. ಒಳಗೆ ಒಂದು ಬಾಚಣಿಗೆ, ಜಪಮಾಲೆ, ಅರ್ಧ ಬಿಸ್ಕತ್ತು.

"ನೋಡಿದ್ಯಾ ಐವಿ, ಎಲ್ಲಿ ಬಚ್ಚಿಟ್ಟಿದಾಳೆ! ಕಿಲಾಡಿ!"

ಒರೆಸ್ಟ್‌ಗೆ ನಗು. ನಾನು ಬಟ್ಟೆ ಮಡಿಸುತ್ತ ಹಲ್ಲು ಕಡಿದೆ. ಅವನು ಹತ್ತಿರ ಬಂದು, "ಅದು ಅಮ್ಮ ಅಲ್ಲ ಗ್ಲೆಂಡಾ, ಕಾಯಿಲೆ ಮಾತಾಡ್ತಿರೋದು" ಎಂದ.

"ಹಾಗಾದ್ರೆ ಆ ಕಾಯಿಲೆಗೆ ನನ್ನ ಮದುವೆ ದಿನದಿಂದ ನನ್ನ ಕಂಡ್ರಾಗಲ್ಲ."

ಬೆಳಗಾದರೆ ಅವನು ಧಾನ್ಯದ ಲಾರಿ ಹತ್ತಿ ಹೊರಟುಹೋಗುತ್ತಾನೆ. ಕಾಯಿಲೆಯ ಜೊತೆ ಇಡೀ ದಿನ ಇರುವವಳು ನಾನು.


ನವೆಂಬರ್ 21, ಶುಕ್ರವಾರ

ವೃದ್ಧರ ಆರೈಕೆ ಮನೆಗೆ ಹೋಗಿ ಅತ್ತೆಯ ಹೆಸರು ಬರೆಸಿ ಬಂದೆ; ಅಷ್ಟು ಹೊತ್ತು ಪಕ್ಕದ ಮನೆಯವಳು ಅವಳ ಜೊತೆ ಕೂತಿದ್ದಳು. ಹಾಸಿಗೆ ಖಾಲಿಯಾದಾಗ ಕರೆಯುತ್ತಾರಂತೆ. ಯಾವಾಗ ಎಂದು ಕೇಳಿದರೆ ಅಲ್ಲಿನ ಹೆಂಗಸು ಮೆಲ್ಲನೆ ನಕ್ಕಳು. ಹಾಸಿಗೆ ಖಾಲಿಯಾಗುವುದು ಎಂದರೇನೆಂದು ಆಮೇಲೆ ಕಾರಿನಲ್ಲಿ ಹೊಳೆಯಿತು. ಹೊಳೆದರೂ ಬೇಸರವಾಗಲಿಲ್ಲ. ಬೇಗ ಆಗಲಿ.

ಮನೆಗೆ ಬಂದಾಗ ಸಂಜೆ. ಸಂಜೆಯಾಯಿತೆಂದರೆ ಅವಳಿಗೆ ಹಾಲು ಕರೆಯುವ ಹೊತ್ತು. ಮಲಗುವ ಅಂಗಿಯ ಮೇಲೆ ಒರೆಸ್ಟ್‌ನ ಕೋಟು ಹಾಕಿಕೊಂಡು, ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಚಪ್ಪಲಿ, ಬಾಗಿಲು ಜಗ್ಗುತ್ತಿದ್ದಳು. ಹೊರಗೆ ಉಗಿದರೆ ಉಗುಳು ಕಲ್ಲಾಗುವ ಚಳಿ.

"ಬಾಗ್ಲು ತೆಗಿ! ಕ್ರಾಸಾ ಕೂಗ್ತಿದೆ, ಕೆಚ್ಚಲು ಒಡೆಯುತ್ತೆ!"

"ಕ್ರಾಸಾ ಇಲ್ಲ. ಹಸುಗಳೆಲ್ಲ ಮಾರಿ ಯಾವ ಕಾಲ ಆಯ್ತು. ಜಮೀನೂ ಇಲ್ಲ. ಇದು ಊರು, ಇದು ನನ್ನ ಮನೆ!"

"ಸುಳ್ಳಿ!"

"ಬೇಕಾದ್ರೆ ಕಿಟಕಿ ನೋಡಿ. ಎಲ್ಲಿದೆ ಕೊಟ್ಟಿಗೆ? ತೋರಿಸಿ!"

ಕಿಟಕಿಯ ಹತ್ತಿರ ಎಳೆದುಕೊಂಡು ಹೋದೆ. ಅವಳು ನೋಡಿದಳು. ಎದುರು ಮನೆಯ ಗ್ಯಾರೇಜು, ಕರೆಂಟು ಕಂಬ, ಹಿಮ. ಆಮೇಲೆ ತಿರುಗಿ ನನ್ನ ಕೆನ್ನೆಗೆ ಹೊಡೆದಳು.


ನವೆಂಬರ್ 22, ಶನಿವಾರ

ಬರೆಯಲು ಮನಸ್ಸಿಲ್ಲ. ಮುದುಕಿ ಬೆಳಗ್ಗೆ ನನ್ನ ಕೆನ್ನೆ ನೋಡಿ, "ಯಾರೇ ಹೊಡೆದಿದ್ದು ನಿಂಗೆ, ಐವಿ?" ಎಂದು ಕೇಳಿದಳು.


ಡಿಸೆಂಬರ್ 2, ಮಂಗಳವಾರ

ಒರೆಸ್ಟ್ ರಜೆ ಹಾಕಿ ನನ್ನನ್ನು ಗ್ರಂಥಾಲಯದ ನೆಲಮಾಳಿಗೆಗೆ ಕಳಿಸಿದ. ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವವರ ಸಭೆ. ವೃತ್ತಾಕಾರದಲ್ಲಿ ಕುರ್ಚಿ, ಬೂದಿಯಂಥ ಕಾಫಿ, ಅಳುವವರಿಗೆಂದು ಮಧ್ಯದಲ್ಲಿ ಕಾಗದದ ಕರವಸ್ತ್ರದ ಡಬ್ಬಿ. ನಾನು ಅಳಲಿಲ್ಲ.

ನಡೆಸುವವಳು ವೆರ್ನಾ ಎಂಬ ಹೆಂಗಸು. ಗಂಡ ಇದೇ ಕಾಯಿಲೆಯಲ್ಲಿ ಹೋದವನು. ನಾನು ಹಸುವಿನ ಕಥೆ, ಕಿಟಕಿಯ ಕಥೆ, ಕೆನ್ನೆಯ ಕಥೆ ಹೇಳಿದೆ. ಅಯ್ಯೋ ಪಾಪ ಎನ್ನುತ್ತಾಳೆಂದುಕೊಂಡರೆ, "ಸರಿ, ವಾದದಲ್ಲಿ ನೀನೇ ಗೆದ್ದೆ. ಬಹುಮಾನ ಏನು ಸಿಕ್ತು?" ಅಂದಳು.

"ಅಂದ್ರೆ ಸುಳ್ಳು ಹೇಳ್ಲಾ?"

"ಅವರ ತಲೇಲಿ ಈಗ ಹಸು ಕೂಗ್ತಿದೆ ಗ್ಲೆಂಡಾ. ನೀನು ಇಲ್ಲ ಅಂದ್ರೆ ಹಸು ಸುಮ್ನಾಗಲ್ಲ. ಅವರ ಕೂಗು ಕೇಳೋರು ಯಾರೂ ಇಲ್ಲ ಅಂತಷ್ಟೇ ಆಗುತ್ತೆ. ಅವರು ನಮ್ಮ ಕಡೆ ಬರೋಕಾಗಲ್ಲ. ನಮಗೆ ಆಗುತ್ತೆ."

ಹೇಳುವುದು ಸುಲಭ. ಅವಳ ಗಂಡ ಅವಳನ್ನು ಕಳ್ಳಿ ಎಂದಿದ್ದನೇ? ಕೇಳಬೇಕೆಂದಿದ್ದೆ, ಹೊತ್ತಾಯಿತು. ಇನ್ನೊಂದು ಸಲ ಹೋಗುವುದಿಲ್ಲ.


ಡಿಸೆಂಬರ್ 5, ಶುಕ್ರವಾರ

ಬೆಳಗಿನಿಂದ ತಲೆನೋವು. ಸಂಜೆ ಅವಳು ಮತ್ತೆ ಕೋಟು ಹುಡುಕತೊಡಗಿದಾಗ ನನಗೆ ಕಿರುಚುವ ತ್ರಾಣವೂ ಇರಲಿಲ್ಲ. ಕುಳಿತಲ್ಲಿಂದಲೇ, "ಹಾಲು ಕರೆದಾಯ್ತು" ಎಂದೆ.

ಅವಳು ನಿಂತಳು. "ಯಾರು ಕರೆದಿದ್ದು?"

"ನಾನು."

"ನೀನಾ?" ನನ್ನ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದಳು. "ಸ್ಟೇಷನ್ ಮಾಸ್ತರ್ ಹೆಂಡ್ತಿ ಹಾಲು ಕರೆದ್ಳಾ! ಒದೀಲಿಲ್ವಾ?"

"ಒದೀತು. ಆದ್ರೂ ಕರೆದೆ."

"ಎಷ್ಟು ಕೊಡ್ತು ಕ್ರಾಸಾ?"

"ಒಂದು ಬಕೆಟ್ಟು ತುಂಬಾ."

"ಹೋಗೆ ಸುಳ್ಳಿ, ಅರ್ಧ ಬಕೆಟ್ಟಿನ ಮೇಲೆ ಅದು ಯಾವತ್ತೂ ಕೊಟ್ಟಿಲ್ಲ."

"ಸರಿ, ಅರ್ಧ."

"ಅರ್ಧ," ಎಂದು ಅವಳು ಕುಳಿತಳು. ನಾನು ಚಹಾ ಮಾಡಿದೆ. ಇಬ್ಬರೂ ಬಿಸಿಯಿರುವಾಗಲೇ ಕುಡಿದೆವು. ಆ ಹಸು ಅರ್ಧ ಬಕೆಟ್ಟೂ ಕೊಟ್ಟಿರಲಿಕ್ಕಿಲ್ಲ ಎನ್ನೋಣವೆಂದರೆ, ನನ್ನ ಅತ್ತೆ ಯಾವುದನ್ನೂ ಹೊಗಳಿ ಹೇಳುವವಳಲ್ಲ, ಹಾಗಾಗಿ ನಂಬಬಹುದೇನೋ. ವೆರ್ನಾಗೆ ಇದನ್ನು ಹೇಳಬೇಕಾದ ಅಗತ್ಯವಿಲ್ಲ.


ಡಿಸೆಂಬರ್ 18, ಗುರುವಾರ

ಹಳೆಯ ಪಂಚಾಂಗದಂತೆ ಬರುವ ಅತ್ತೆ ಮನೆಯವರ ಜನವರಿಯ ಕ್ರಿಸ್‌ಮಸ್‌ಗೆ ಈಗಿನಿಂದಲೇ ಪಿರೋಹಿ ಮಾಡಿ ಫ್ರೀಜರಿಗೆ ಹಾಕಬೇಕು. ಹಿಟ್ಟು ನಾದಲು ಕುಳಿತೆ. ಪರಾಸ್ಕಾ ಬಂದು ನನ್ನನ್ನು ಸೊಂಟದಿಂದ ಒಂದು ತಳ್ಳು ತಳ್ಳಿ ಜಾಗ ಮಾಡಿಕೊಂಡಳು. ಇವತ್ತು ಯಾವ ವಾರ ಎಂದು ತಿಳಿಯದವಳು, ಸ್ನಾನದ ಮನೆಗೆ ದಾರಿ ಕೇಳುವವಳು, ಅಂಚು ಮಡಿಸಿ ಚಿವುಟುವುದನ್ನು ನೋಡಬೇಕು. ನನ್ನದು ಎರಡಾಗುವಷ್ಟರಲ್ಲಿ ಅವಳದು ತಟ್ಟೆ ತುಂಬಿತು. ಒಂದೂ ಬಾಯಿ ಬಿಟ್ಟಿಲ್ಲ. ನನ್ನವೆಲ್ಲ ಬಾಯಿ ಬಿಟ್ಟವು, ನಾನು ಬಿಟ್ಟ ಹಾಗೆಯೇ.

"ನಮ್ಮನೇಲಿ ಅವಳು ಮಾಡ್ತಾಳಲ್ಲ, ಬೂಟಿನ ತೊಗಲು. ನನ್ನ ಮಗ ಅಗೀತಾನೆ, ಅಗೀತಾನೆ, ಒಂದು ಮಾತಾಡಲ್ಲ."

ತಡೆಯಲಾರದೆ ಕೇಳಿದೆ, "ಅವಳಲ್ಲಿ ಒಳ್ಳೇದು ಏನೂ ಇಲ್ವಾ?"

ಅವಳು ಹಿಟ್ಟಿನ ಕೈ ಮೇಲೆತ್ತಿ ಬಹಳ ಹೊತ್ತು ಯೋಚಿಸಿದಳು. ನ್ಯಾಯವಾಗಿ ಹೇಳಬೇಕೆಂದು ಕಷ್ಟಪಡುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು.

"ಹಲ್ಲು," ಅಂದಳು. "ಹಲ್ಲು ಚೆನ್ನಾಗಿವೆ."

ಆಮೇಲೆ ಇನ್ನೊಂದು ಮಾತು ಹೇಳಿದಳು. ಕೇಳದಿದ್ದರೇ ಚೆನ್ನಾಗಿತ್ತು. "ನೀನು ನಂಗೆ ಇಂಗ್ಲಿಷ್ ಕಲಿಸ್ದೆ ಐವಿ, ಒಳ್ಳೇದೇ ಆಯ್ತು. ಇಲ್ದಿದ್ರೆ ನನ್ನ ಮೊಮ್ಮಕ್ಕಳ ಹತ್ರ ಮಾತೇ ಆಡೋಕಾಗ್ತಿರಲಿಲ್ಲ. ಆ ಮನೇಲಿ ನಮ್ಮ ಮಾತು ಯಾರಿಗೂ ಬರಲ್ಲ. ನಾನು ಹಾಡು ಹೇಳಿದ್ರೆ ಮಕ್ಕಳು ನಗ್ತಾ ಇದ್ರು. ಕೋಳಿ ಕೂಗಿದ್ದಕ್ಕೆ ನಗ್ತಾರಲ್ಲ, ಹಂಗೆ."

ಆ ಮಕ್ಕಳು ನನ್ನವೇ, ಈಗ ದೊಡ್ಡವರಾಗಿ ಮನೆ ಬಿಟ್ಟಿದ್ದಾರೆ. ಅವರ ಮಾತನ್ನು ನನಗೆ ಅವಳೇ ಕಲಿಸಬಹುದಿತ್ತು. ನಾನು ಕೇಳಿದ್ದೆ. ಹೊಸತರಲ್ಲಿ ನಾನು ಅವರ ಮಾತಿನಲ್ಲಿ ಬ್ರೆಡ್ಡು ಬೇಕೆಂದಾಗ ಇಡೀ ಮೇಜು ಬಿದ್ದು ಬಿದ್ದು ನಕ್ಕಿತ್ತು, ಅವಳೇ ಎಲ್ಲರಿಗಿಂತ ಜೋರಾಗಿ. ಈಗ ನೋಡಿದರೆ ತಪ್ಪು ನನ್ನದು. ಇದನ್ನೆಲ್ಲ ಹೇಳೋಣವೆಂದರೆ ನಾನು ಐವಿ. ಐವಿಗೆ ಅದು ಹೇಗೆ ಗೊತ್ತಿರುತ್ತದೆ?

"ಆ ಹಾಡು ನಂಗೆ ಹೇಳಿ ನೋಡೋಣ" ಎಂದೆ. ಹೇಳಿದಳು. ನಾನು ನಗಲಿಲ್ಲ. ಸ್ವರ ಮಾತ್ರ ನಿಜಕ್ಕೂ ಕೋಳಿಯದೇ.


ಜನವರಿ 6, ಮಂಗಳವಾರ

ಸಿಟ್ಟು ಇನ್ನೂ ಇಳಿದಿಲ್ಲ.

ಒರೆಸ್ಟ್‌ನ ತಂಗಿ ಲೆಸ್ಯಾ ಕ್ಯಾಲ್ಗರಿಯಿಂದ ಬಂದಿದ್ದಾಳೆ. ಇವತ್ತು ಕ್ರಿಸ್‌ಮಸ್ ಹಿಂದಿನ ಸಂಜೆ, ಮಾಂಸವಿಲ್ಲದ, ಮೀನು ಮಾತ್ರ ನಡೆಯುವ ಹನ್ನೆರಡು ಅಡುಗೆ. ಮೊದಲ ನಕ್ಷತ್ರ ಕಂಡಿತು, ಮೇಣದಬತ್ತಿ ಹಚ್ಚಿದೆವು, ಗೋಧಿ, ಜೇನು, ಗಸಗಸೆಯ ಕುತ್ಯಾದ ಬಟ್ಟಲು ಮಧ್ಯದಲ್ಲಿಟ್ಟೆವು. ಪರಾಸ್ಕಾ ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡಿ, "ಮಿಕೋಲಾ ಎಲ್ಲಿ?" ಅಂದಳು. ಮಿಕೋಲಾ ನನ್ನ ಮಾವ.

"ಕೊಟ್ಟಿಗೇಲಿದಾರೆ. ಹಿಮ ಜಾಸ್ತಿ, ಸ್ವಲ್ಪ ತಡ ಆಗುತ್ತೆ, ಊಟ ಶುರು ಮಾಡಿ ಅಂದ್ರು" ಎಂದೆ ನಾನು. ನಾಲಿಗೆ ತಡವರಿಸಲಿಲ್ಲ. ಅವಳು ತಲೆಯಾಡಿಸಿ ಚಮಚ ತೆಗೆದುಕೊಂಡಳು. ಅಲ್ಲಿಗೆ ಮುಗಿಯುತ್ತಿತ್ತು.

ಲೆಸ್ಯಾ ಚಮಚ ಕುಕ್ಕಿದಳು. "ಏನಿದು ಗ್ಲೆಂಡಾ? ಅಮ್ಮನಿಗೆ ಹಬ್ಬದ ದಿನ ಹಸೀ ಸುಳ್ಳು ಹೇಳ್ತೀಯಾ? ಅಮ್ಮಾ, ಅಪ್ಪ ಹೋಗಿ ಎಷ್ಟು ವರ್ಷ ಆಯ್ತು. ನೀನೇ ಮಣ್ಣು ಹಾಕಿದ್ದೆ. ಜ್ಞಾಪಿಸ್ಕೋ."

ಪರಾಸ್ಕಾಳ ಮುಖ ನೋಡಿದೆ. ಅವಳು ಜ್ಞಾಪಿಸಿಕೊಳ್ಳಲಿಲ್ಲ. ಆಗ ತಾನೇ ಸುದ್ದಿ ಕೇಳಿದಳು, ಅಷ್ಟೇ. ಬಾಯಲ್ಲಿದ್ದ ಗೋಧಿ ಕೆಳಗೆ ಬಿತ್ತು. "ನಂಗ್ಯಾಕೆ ಯಾರೂ ಹೇಳಲಿಲ್ಲ? ನಂಗ್ಯಾಕೆ ಹೇಳಲಿಲ್ಲ?" ಎಂದು ಎರಡೂ ಕೈಯಲ್ಲಿ ಮೇಜುಬಟ್ಟೆ ಹಿಡಿದು ಕೂಗಿದಳು. ಬಟ್ಟಲು ಉರುಳಿತು.

ನಾನು ಎದ್ದು ನಿಂತು ಏನೇನು ಕೂಗಿದೆನೋ ಪೂರ್ತಿ ನೆನಪಿಲ್ಲ. "ಸಮಾಧಾನ ಆಯ್ತಾ? ನೀನು ಗುರುವಾರ ವಿಮಾನ ಹತ್ತಿ ಹೋಗ್ತೀಯ. ಇವರು ದಿನಾ ಸಂಜೆ ಹೊಸದಾಗಿ ವಿಧವೆ ಆಗ್ಬೇಕಾ? ದಿನಾ?"

"ಚಿಕ್ಕ ಮಗು ಥರ ನೋಡ್ತಿದೀಯ ಅಮ್ಮನ್ನ!"

"ಮಗುವಿಗೆ ನೀನು ಈ ಥರ ಹೇಳ್ತಿದ್ಯಾ?"

ಒರೆಸ್ಟ್ ಒಬ್ಬನೇ ತಲೆ ತಗ್ಗಿಸಿ ಕುಳಿತಿದ್ದ, ಅವರಪ್ಪನ ಹಾಗೆಯೇ. ಆ ಮನೆಯ ಗಂಡಸರಿಗೆ ಅದೊಂದು ಚೆನ್ನಾಗಿ ಬರುತ್ತದೆ.

ಅಳು ನಿಲ್ಲಲೇ ಇಲ್ಲ. ಕೊನೆಗೆ ಬಿಕ್ಕುತ್ತ, "ಕ್ರಾಸಾಗೆ ಕೊಟ್ರಾ?" ಅಂದಳು. ಹಬ್ಬದ ಸಂಜೆ ಮೊದಲ ತುತ್ತು ದನಗಳಿಗೆ. ಯಾರೂ ಕೊಟ್ಟಿರಲಿಲ್ಲ, ದನವಿದ್ದರಲ್ಲವೇ? ನಾನು ಚೆಲ್ಲಿದ್ದನ್ನೇ ಬಾಚಿ ಬಟ್ಟಲಿಗೆ ತುಂಬಿ, ಕೋಟು ಹಾಕಿಕೊಂಡು ಹೊರಗೆ ಹೋದೆ. ಕಿಟಕಿಯಿಂದ ಅವಳು ನೋಡುತ್ತಿದ್ದಳು, ಹಾಗಾಗಿ ಬಾಗಿಲಲ್ಲೇ ನಿಂತು ವಾಪಸು ಬರುವಂತಿರಲಿಲ್ಲ. ಗ್ಯಾರೇಜಿನವರೆಗೂ ನಡೆದು, ಬಾಗಿಲು ತೆಗೆದು, ಒರೆಸ್ಟ್‌ನ ಕಾರಿನ ಮುಂದೆ ಬಟ್ಟಲು ಹಿಡಿದು ನಿಂತೆ. ಅರವತ್ತು ದಾಟಿದ ಹೆಂಗಸು. ಯಾರಾದರೂ ನೋಡಿದ್ದರೆ ನನ್ನ ಹೆಸರನ್ನೂ ಆರೈಕೆ ಮನೆಯಲ್ಲಿ ಬರೆಸುತ್ತಿದ್ದರು.

ಒಳಗೆ ಬಂದು, "ತಿಂತು" ಎಂದೆ.

"ಎಲ್ಲಾ?"

"ಬಟ್ಟಲೂ ನೆಕ್ಕಿತು."

ಅವಳು ಮೂಗು ಒರೆಸಿಕೊಂಡು ಮೀನಿನ ತಟ್ಟೆ ಹತ್ತಿರ ಎಳೆದುಕೊಂಡಳು. ಪಾತ್ರೆಗಳನ್ನೆಲ್ಲ ಲೆಸ್ಯಾಳೇ ತೊಳೆದಳು, ಅದೂ ನನಗೆ ಇಷ್ಟವಾಗುವ ರೀತಿಯಲ್ಲಲ್ಲ.


ಫೆಬ್ರವರಿ 3, ಮಂಗಳವಾರ

ಸ್ನಾನದ ಮನೆಯಲ್ಲಿ ಪರಾಸ್ಕಾ ಜಾರಿದಳು. ಹಿಡಿಯಲು ಹೋಗಿ ನಾನೂ ಬಿದ್ದೆ. ಅವಳಿಗೆ ಏನೂ ಆಗಲಿಲ್ಲ, ನನ್ನ ಬೆನ್ನಿನಲ್ಲಿ ಏನೋ ಚಳಕ್ ಎಂದಿತು. ಏಳಲಾಗಲಿಲ್ಲ. ಫೋನು ಅಡುಗೆಮನೆಯಲ್ಲಿ. ಒರೆಸ್ಟ್ ಬರುವವರೆಗೆ ಇಬ್ಬರೂ ನೆಲದ ಮೇಲೆ ಪಕ್ಕಪಕ್ಕದಲ್ಲಿ ಮಲಗಿ ಚಾವಣಿ ನೋಡಿದೆವು.

ಅವಳಿಗೆ ಹುಲ್ಲು ಕೊಯ್ದು ಸುಸ್ತಾಗಿ ಹೊಲದಲ್ಲಿ ಒರಗಿದ ಹಾಗಿತ್ತು. "ಎಷ್ಟು ನೀಲಿ ನೋಡು ಆಕಾಶ" ಅಂದಳು. ಚಾವಣಿಗೆ ಹೋದ ವರ್ಷ ನಾನೇ ಆರಿಸಿದ ಬಣ್ಣ ಅದು. ಒರೆಸ್ಟ್‌ಗೆ ಇಷ್ಟವಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ಸೊಸೆಯ ವಿಷಯ ಬಂತು, ಬಾರದೆ ಇರುತ್ತದೆಯೇ? ಸೊಸೆ ಹೊಲದ ಕೆಲಸಕ್ಕೆ ಬರುವುದಿಲ್ಲ, ಸೊಸೆ ಉಗುರಿಗೆ ಬಣ್ಣ ಹಚ್ಚುತ್ತಾಳೆ.

"ಅಂಥೋರು ಹಂಗೇ," ಎಂದೆ. ನೋವಿಗೆ ಹಲ್ಲು ಕಚ್ಚಿಕೊಂಡು. "ಸೋಮಾರಿ."

"ಸೋಮಾರಿ ಅಲ್ಲ," ಅಂದಳು ಅವಳು ಸಿಡುಕಿ. "ಸೋಮಾರಿ ಅಂತ ನಾನೆಲ್ಲಿ ಹೇಳ್ದೆ? ದುಡೀತಾಳೆ. ನಂಗೆ ಇಷ್ಟ ಇಲ್ಲ, ಅಷ್ಟೇ."

ಆಮೇಲೆ ಒರೆಸುವ ಬಟ್ಟೆಯನ್ನು ಎಳೆದು, ತನಗಲ್ಲ, ನನಗೆ ಹೊದಿಸಿದಳು. ಒದ್ದೆಯಾಗಿತ್ತು. ಇನ್ನಷ್ಟು ಚಳಿಯಾಯಿತು.


ಫೆಬ್ರವರಿ 10, ಮಂಗಳವಾರ

ಆರೈಕೆ ಮನೆಯಿಂದ ಫೋನು. ಹಾಸಿಗೆ ಖಾಲಿಯಾಗಿದೆ, ನಾಳೆಯೊಳಗೆ ಹೇಳಬೇಕು.

ಇವರಿಗೆ ಈಗಲೇ ಆಗಬೇಕಿತ್ತೇ? ನವೆಂಬರಿನಲ್ಲಿ ದಿನವೂ ಫೋನು ನೋಡುತ್ತ ಕೂತಿದ್ದೆ, ಆಗ ಯಾರೂ ಸಾಯಲಿಲ್ಲ. ಒರೆಸ್ಟ್ "ನಿನ್ನ ಇಷ್ಟ" ಎಂದು ಕರುವಿನ ಕಣ್ಣು ಮಾಡಿಕೊಂಡು ಕುಳಿತ. "ನಿನ್ನ ಇಷ್ಟ ಅಂತ ನನ್ನ ತಲೆಗೆ ಕಟ್ಟಬೇಡ, ನಿನ್ನ ತಾಯಿ ಅವರು. ಬಾಯಿಬಿಟ್ಟು ಹೇಳು" ಎಂದೆ.

ಅವನು, "ನಿನ್ನ ಬೆನ್ನು ಕೈ ಕೊಟ್ರೆ ಇಬ್ಬರೂ ಬಿದ್ದಿರ್ತೀರ. ನಂಗೆ ದಾರಿಯುದ್ದಕ್ಕೂ ಅದೇ ಕಾಣುತ್ತೆ" ಎಂದ.

ಸರಿ ಎಂದು ಹೇಳಿದೆವು. ಫೋನಿಟ್ಟ ಮೇಲೆ ಒಲೆಯ ಮೇಲಿದ್ದುದು ಸೀದುಹೋಗಿತ್ತು.


ಫೆಬ್ರವರಿ 18, ಬುಧವಾರ

ಬಿಟ್ಟು ಬಂದೆವು. ಯಾರನ್ನೋ ನೋಡಲು ಬಂದಿದ್ದೇವೆಂದುಕೊಂಡಿದ್ದಳು. ಒರೆಸ್ಟ್ ಕಾರಿನಿಂದ ಇಳಿಯಲೇ ಕಾಲು ಗಂಟೆ ಮಾಡಿದ.

ಅಲ್ಲಿನ ಮುಖ್ಯ ನರ್ಸಿಗೆ ಎಲ್ಲ ಹೇಳಿದೆ. ಸಂಜೆ ಹಾಲು ಕರೆದಾಯಿತು ಎನ್ನಬೇಕು. ಅರ್ಧ ಬಕೆಟ್ಟು, ಹೆಚ್ಚು ಹೇಳಿದರೆ ನಂಬುವುದಿಲ್ಲ. ಮಿಕೋಲಾ ಕೊಟ್ಟಿಗೆಯಲ್ಲಿದ್ದಾನೆ. ಉಣ್ಣೆ ಕತ್ತಿಗೆ ತಾಗಬಾರದು. ಅವಳು ತಲೆಯಾಡಿಸಿದಳು, ಎಲ್ಲರ ಮನೆಯವರಿಗೂ ಆಡಿಸುವ ಹಾಗೆ.

ಮನೆ ಸ್ತಬ್ಧ. ಸಂಜೆ ಎದ್ದು ಹೋಗಿ ಬಾಗಿಲಿನ ಚಿಲಕ ನೋಡಿ ಬಂದೆ.


ಮಾರ್ಚ್ 12, ಗುರುವಾರ

ಆ ಆರೈಕೆ ಮನೆಯಲ್ಲಿ ಒಬ್ಬರಿಗಾದರೂ ತಲೆ ಇದೆಯೇ?

ಹೋಗುವಷ್ಟರಲ್ಲಿ ಪರಾಸ್ಕಾಳಿಗೆ ಯಾರದೋ ಹಸಿರು ಸ್ವೆಟರು ತೊಡಿಸಿ ಕೂರಿಸಿದ್ದರು. ಕತ್ತು ಕೆಂಪಗೆ ಕೆರೆದುಕೊಂಡಿದ್ದಳು. ಪಕ್ಕದಲ್ಲಿ ಹಿಲ್ಡಾ ಎಂಬ ಮುದುಕಿ, ಅವಳೂ ಇದೇ ಕಾಯಿಲೆಯವಳು. ನಾನು ಗಸಗಸೆಯ ಸುರುಳಿ ರೊಟ್ಟಿ ಮಾಡಿಕೊಂಡು ಹೋಗಿದ್ದೆ, ಮೂವರಿಗೂ ಕತ್ತರಿಸಿದೆ. ಪರಾಸ್ಕಾ ತಿನ್ನುತ್ತ ಹಿಲ್ಡಾಗೆ ಸೊಸೆಯ ಕಥೆ ಶುರು ಮಾಡಿದಳು. ಇಂಗ್ಲಿಷಿನವಳು, ದಪ್ಪ, ಬೂಟಿನ ತೊಗಲಿನಂಥ ಅಡುಗೆ. ಹಿಲ್ಡಾ, "ನಮ್ಮನೇಲೂ ಹಂಗೇ ಒಬ್ಬಳಿದಾಳೆ" ಅಂದಳು. ನಾನು, "ಈಗಿನ ಕಾಲದೋರೇ ಹಂಗೆ" ಎಂದೆ. ಚೆನ್ನಾಗಿ ನಡೆಯುತ್ತಿತ್ತು.

ಅಷ್ಟರಲ್ಲಿ ಮಾತ್ರೆ ಕೊಡಲು ಬಂದ ಹೊಸ ಹುಡುಗಿ, ಬ್ರಿಯಾನಾ, ಕಿಲಕಿಲ ನಗುತ್ತ ಬಗ್ಗಿ, "ಅಯ್ಯೋ ಪರಾಸ್ಕಾಜ್ಜಿ, ಏನ್ ಹೇಳ್ತಿದೀರಾ! ನಿಮ್ಮ ಸೊಸೆ ಇಲ್ಲೇ ಕೂತಿದಾರಲ್ಲ, ಇವರೇ ತಾನೇ!" ಎಂದುಬಿಟ್ಟಳು.

ನನಗೆ ಅವಳ ಕೈಯಲ್ಲಿದ್ದ ನೀರಿನ ಲೋಟ ಕಿತ್ತು ಅವಳ ಮೇಲೇ ಸುರಿಯೋಣವೆನ್ನಿಸಿತು. ಪರಾಸ್ಕಾ ಅಗಿಯುವುದನ್ನು ನಿಲ್ಲಿಸಿದಳು. ನನ್ನ ಮುಖವನ್ನು ನೋಡಿದಳು, ಕೂದಲು, ಕೈ, ಮತ್ತೆ ಮುಖ. ಅವಳ ಕಣ್ಣಿನಲ್ಲಿ ಆ ಹಳೆಯ ಗಾಬರಿ ಏಳುತ್ತಿರುವುದು ಕಂಡಿತು. ಎಲ್ಲೋ ಏನೋ ತಪ್ಪು ಮಾಡಿ ಸಿಕ್ಕಿಬಿದ್ದೆನೇ ಎಂಬ ಗಾಬರಿ. "ಸುಮ್ನಿರಮ್ಮ, ನಿನ್ನನ್ಯಾರು ಕೇಳಿದ್ದು? ನಾನು ಐವಿ" ಎಂದೆ ಹುಡುಗಿಗೆ.

ಪರಾಸ್ಕಾ ನನ್ನ ಮಾತನ್ನೂ ಕೇಳಲಿಲ್ಲ, ಅವಳ ಮಾತನ್ನೂ ಕೇಳಲಿಲ್ಲ. ಇನ್ನೂ ನೋಡುತ್ತಲೇ ಇದ್ದಳು. ಆಮೇಲೆ ನನ್ನ ತೋಳಿನ ಮೇಲೆ ಕೈಯಿಟ್ಟು ಹುಡುಗಿಗೆ ತಿದ್ದಿ ಹೇಳಿದಳು, ಪಾಪ ಅವಳಿಗೆ ಗೊತ್ತಿಲ್ಲ ಎನ್ನುವ ಹಾಗೆ.

"ಅವಳಲ್ಲ ಇದು. ಅವಳು ಬರಲ್ಲ. ಇವಳು ದಿನಾ ಬರ್ತಾಳೆ."

ಕೈ ಅಲ್ಲೇ ಇತ್ತು, ಹೊರಡುವವರೆಗೂ. ಒಂದೇ ಕೈಯಲ್ಲಿ ನನ್ನ ಪಾಲಿನ ರೊಟ್ಟಿಯನ್ನೂ ತಿಂದು ಮುಗಿಸಿದಳು.

ನಾಳೆ ಬೆಳಗ್ಗೆಯೇ ಹೋಗಬೇಕು. ಮಧ್ಯಾಹ್ನದವರೆಗೆ ಬಿಟ್ಟರೆ ಮತ್ತೆ ಆ ಸ್ವೆಟರನ್ನೇ ತೊಡಿಸಿ ಕೂರಿಸುತ್ತಾರೆ. ಉಣ್ಣೆ ಅವಳ ಕತ್ತಿಗೆ ಆಗುವುದಿಲ್ಲ ಎಂದು ಎಷ್ಟು ಸಲ ಹೇಳುವುದು ಇವರಿಗೆ.